ಒಂದನೇ ನಂಬರಿನ ಸೀಸೆ

ಒಂಬತ್ತನೇ ಸಲವೂ ಅದೇ ಫಲಿತಾಂಶ ಬಂದಾಗ ವಾರಿಜಾಗೆ ಅಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಜೀನಿನ ನಕಲಾದ ಆರ್‌ಎನ್‌ಎಯನ್ನು ಒಂದು ಪ್ರೋಟೀನು ಹಿಡಿದುಕೊಂಡು, ಯಾವ ತುಂಡು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತದೆ. ಅವಳು ಅಭ್ಯಸಿಸುತ್ತಿದ್ದ ಸ್ನಾಯುರೋಗದಲ್ಲಿ ಆ ಪ್ರೋಟೀನು ಬೇರೆಡೆ ಸಿಕ್ಕಿಬಿದ್ದು ತುಂಡುಗಳ ಜೋಡಣೆ ತಪ್ಪುತ್ತದೆ. ಆ ರೋಗವಿದ್ದವರ ಮಡಚಿದ ಬೆರಳು ಬೇಗ ಬಿಚ್ಚಿಕೊಳ್ಳುವುದಿಲ್ಲ. ರೋಗಿಗಳ ಕೋಶಗಳಲ್ಲಿ ಜೋಡಣೆ ತಪ್ಪಿತ್ತು, ಸರಿಯೇ. ಆದರೆ ಲ್ಯಾಬು ಶುರುವಾದ ದಿನವೇ ಹೋಲಿಕೆಗೆಂದು ಆರೋಗ್ಯವಂತರೊಬ್ಬರಿಂದ ತೆಗೆದ ಚರ್ಮದಿಂದ ಬೆಳೆಸಿಟ್ಟಿದ್ದ ಒಂದನೇ ನಂಬರಿನ ಸೀಸೆಯ ಕೋಶಗಳಲ್ಲೂ ತಪ್ಪಿತ್ತು.

“ನಿನ್ನ ಕೈ ಶುದ್ಧವಿಲ್ಲ. ರೋಗಿಯ ಕೋಶ ಬೆರೆಸಿದ್ದೀಯ,” ಎಂದರು ಪ್ರೊಫೆಸರು. “ಇದನ್ನಿಟ್ಟುಕೊಂಡು ಥೀಸಿಸ್ಸಿಗೆ ಸಹಿ ಕೇಳ್ತೀಯ?”

“ಬೇರೆ ಲ್ಯಾಬಿನವರ ಕೈಲೂ ಮಾಡಿಸಿದೆ ಸರ್. ಅವರಿಗೂ ಹೀಗೇ ಬಂತು.”

ಅವರು ಅವಳ ಮುಖ ನೋಡಿದರು. ಅವರಿಗೂ ಸಾಕಾಗಿತ್ತು. “ಹಾಗಾದ್ರೆ ಸೀಸೇನೇ ಸರಿಯಿಲ್ಲ. ಬಿಸಾಕು, ಹೊಸದು ತಗೊಂಡು ಮಾಡು,” ಎಂದು ಪೆನ್ನು ತೆಗೆದು, ಅವಧಿ ವಿಸ್ತರಣೆಯ ಅರ್ಜಿಗೆ ಸಹಿ ಹಾಕಿದರು.

ವಾರಿಜಾ ಕಾಗದ ತೆಗೆದುಕೊಂಡಳು. ಆದರೂ ಹೊರಡಲಿಲ್ಲ.

“ಬಿಸಾಕೋ ಮುಂಚೆ ಆ ಮನುಷ್ಯರಿಗೆ ತಿಳಿಸಬೇಕಲ್ವ ಸರ್, ಅವರಿಗೂ ಈ ರೋಗ ಇರಬಹುದು ಅಂತ? ಸೀಸೆ ಮೇಲೆ ನಂಬರ್ ಮಾತ್ರ ಇದೆ. ಚರ್ಮ ಕೊಟ್ಟವರು ಯಾರು?”

ಪ್ರೊಫೆಸರು ಪೆನ್ನು ಕೆಳಗಿಡಲು ಹೋದರು. ಬೆರಳು ಬಿಡಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತ ಹೇಳಿದರು:

“ಈ ಲ್ಯಾಬು ಶುರುವಾದ ದಿನ ಇಲ್ಲಿದ್ದವನು ನಾನೊಬ್ಬನೇ ಕಣಮ್ಮ.”