ಒಂದೇ ಎಳೆತಕ್ಕೆ ಶುರುವಾದ ಎಂಜಿನ್

ಅಕ್ಷಯ ಹಗ್ಗ ಎಳೆದದ್ದೇ ತಡ, ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ದೋಣಿ ಮಾರಲು ನಿಂತಿದ್ದ ಕುಸುಮಾವತಿಯ ಮುಖ ಸಣ್ಣದಾಯಿತು.

"ಸೂಪರ್ ಆಂಟಿ! ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಅಂದ್ರೆ ಇದೇ ಸುಖ. ಹಿಂದೆ ತಗುಲಿಸಿರ್ತಾರೆ, ಕೆಟ್ರೆ ಬಿಚ್ಚಿ ರಿಪೇರಿ ಮಾಡಿಸ್ಬಹುದು. ದೋಣಿ ಹಳೇದಾದ್ರೂ ಬೆಲೆ ಇರುತ್ತೆ. ಒಳಗೆ ಕೂರಿಸಿರೋ ಹಳೇ ಡೀಸೆಲ್ ಆಗಿದ್ರೆ ನಾನು ಈ ಕಡೆ ತಲೆ ಹಾಕ್ತಾನೇ ಇರ್ಲಿಲ್ಲ. ನೀವು ಹೇಳಿದ ರೇಟಿಗೇ ತಗೋತೀನಿ, ಬಿಡಿ."

ಕೋಲ್ಕತ್ತಾದ ಹೂಗ್ಲಿ ನದಿಯಲ್ಲಿ ವಿಹಾರಕ್ಕೆಂದು ಗಂಡ ಜಯಕರ ಕೊಂಡಿದ್ದ ದೋಣಿ ಅದು. ಆತ ತೀರಿಕೊಂಡ ಮೇಲೆ ಆಕೆ ಜಾಹೀರಾತು ಹಾಕಿದ್ದಳು. ಅಲ್ಲಿಂದೀಚೆಗೆ ಭಾನುವಾರ ಬಂತೆಂದರೆ ಯಾರಾದರೂ ಬಾಲಿಗಂಜ್‌ನ ಮನೆಯ ಬೆಲ್ ಒತ್ತುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಅವಳೊಂದಿಗೆ ಘಾಟ್‌ಗೆ ಬಂದು ದೋಣಿ ನೋಡಿ ಹೋಗುತ್ತಿದ್ದರು. ವಾರದ ಉಳಿದ ದಿನ ಆ ಬೆಲ್ ಮುಟ್ಟುವವರಿರಲಿಲ್ಲ. ಈ ಬೆಂಗಳೂರು ಹುಡುಗನಂತೂ ಬೆಳಿಗ್ಗೆಯಿಂದ ಅವಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ.

"ಅದು ದಡದಲ್ಲಿ ಮಾತ್ರ ಹೀಗೆ ಮಾರಾಯ," ಎಂದಳು ಕುಸುಮಾವತಿ. "ನಡು ನೀರಿಗೆ ಹೋದ್ರೆ ನಿಂತೇ ಬಿಡ್ತದೆ." ಅದು ಒಂದು ದಿನವೂ ನಿಂತಿರಲಿಲ್ಲ.

ಅಕ್ಷಯ ಎಂಜಿನ್ ಆರಿಸಿ ಅವಳನ್ನೇ ನೋಡಿದ. "ಮಾರೋರು ಯಾರಾದ್ರೂ ಹೀಗೆ ಹೇಳ್ತಾರಾ ಆಂಟಿ? ಸರಿ, ಮುಂದಿನ ಭಾನುವಾರ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀನಿ."

"ಇಬ್ರೂ ಬೆಳಿಗ್ಗೆಯೇ ಬನ್ನಿ," ಎಂದಳು ಅವಳು. "ಅವನಿಗೆ ನೀರುದೋಸೆ ಆಗ್ತದಾ?"