ತಲಿ ಮುಂದ ಮಾಡ್ರಿ

ಸ್ಪಿರಿಟ್ ವಾಸನೆ ಬಂದರೆ ಇಂದಿಗೂ ಸಂತಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅಂಗಳದಲ್ಲಿ ಅಜ್ಜಿ, ಅವ್ವ, ಒಂಬತ್ತು ವರ್ಷದ ನಾನು. ಮೇವು ಕತ್ತರಿಸುತ್ತಿದ್ದ ಅವ್ವನ ಕಾಲಿಗೆ ಕುಡಗೋಲು ಬಡಿದು ರಕ್ತ ಬುಳಬುಳನೆ ಹರಿಯಿತು.

ಓಡಿಬಂದ ಊರ ದವಾಖಾನೆಯ ಕಂಪೌಂಡರ್ ಸಾಹೇಬರು ಗಾಯಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಅರಿವೆಯಿಟ್ಟು, ಮೇಲೆ ನನ್ನ ಕೈ ಒತ್ತಿದರು. "ಬಿಡಬ್ಯಾಡ ಬೇಟಿ. ಹೊರಸಿನ ಮ್ಯಾಲ ಮಲಗಿಸಿ ಹೊತ್ತು ಬಸ್ಸಿಗೆ ಒಯ್ಯೋಣು."

ಅಜ್ಜಿ ಅಡ್ಡ ನಿಂತಳು. "ಜೀವ ಇದ್ದಾಕಿನ್ನ ಹೆಣದಂಗ ಹೊರ್ತೀರೇನ್ರಿ ಸಾಹೇಬ್ರ? ನಡಿಸ್ಕೊಂಡು ಹೋಗ್ರಿ!"

"ನಡದರ ಸಾಯ್ತಾಳ ಆಯಿ!"

ಅಜ್ಜಿ ಅಳುತ್ತಲೇ ಸರಿದಳು. "ಹಂಗಾದರ ತಲಿ ಮುಂದ ಮಾಡ್ರಿ. ಕಾಲು ಮುಂದ ಮಾಡೂದು ಹೆಣಕ್ಕ."

ಬೆರಳು ಮರಗಟ್ಟಿದರೂ ಬೀದರದ ಆಸ್ಪತ್ರೆ ಬರುವವರೆಗೆ ನಾನು ಕೈ ತೆಗೆಯಲಿಲ್ಲ. ತೆಗೆದರೆ ಅವ್ವ ಉಳಿಯುವುದಿಲ್ಲ ಎಂಬ ಹೆದರಿಕೆ.

ಅವ್ವ ಬದುಕಿದಳು. ಮುಂದೆ ನಾನು ಬೀದರದಲ್ಲಿ ಆಂಬುಲೆನ್ಸಿನ ನರ್ಸಾದೆ. ಮೊದಲ ದಿನ ಸ್ಟ್ರೆಚರ್ ಎತ್ತಿದವರಿಗೆ ಹೇಳಿದೆ: "ತಲಿ ಮುಂದ ಮಾಡ್ರಿ."