ಹೊಸ್ತಿಲೊಳಗಿನ ರೊಟ್ಟಿ

ಸಂಜೆ ಐದೂಕಾಲಿಗೆ ವಿಜಯಶ್ರೀ ತಂತಿಯ ಪಂಜರದಲ್ಲಿ ಒಂದು ಮೊಲವನ್ನಿಟ್ಟುಕೊಂಡು ಸಂತಪುರದಲ್ಲಿ ಬಸ್ಸಿಳಿದಳು. ಬಿಳಿ ಮೊಲ. ಎಡಗಿವಿ ಅರ್ಧ ಮಾತ್ರ ಇತ್ತು.

ಮೊಲ ಮೊದಲು ಸಿಕ್ಕಿದ್ದು ಬಸ್ ಕಂಡಕ್ಟರ್ ನಾಗಸೇನನಿಗೆ. ಔರಾದಿನಲ್ಲಿ ಬಸ್ ಖಾಲಿಯಾದಾಗ ಹಿಂದಿನ ಸೀಟಿನ ಕೆಳಗೆ ರಟ್ಟಿನ ಡಬ್ಬವೊಂದರಲ್ಲಿತ್ತು; ಯಾರೋ ಬೇಕೆಂದೇ ಬಿಟ್ಟುಹೋಗಿದ್ದರು. ಬೀದರಿನಲ್ಲಿ ದನಕರುಗಳ ಔಷಧಿ ಅಂಗಡಿ ನಡೆಸುವ ವಿಜಯಶ್ರೀ ಇಂಥ ಪ್ರಾಣಿಗಳನ್ನು ಸಾಕಿ, ಮನೆ ಹುಡುಕಿ ಕೊಡುತ್ತಾಳೆಂದು ಗೊತ್ತಿದ್ದರಿಂದ ಅವಳಿಗೆ ಒಪ್ಪಿಸಿದ. ಅವಳು ಕೊಟ್ಟ ಮೊದಲ ಮನೆಯವರು ತಮ್ಮಲ್ಲಿ ನಾಯಿ ಇಲ್ಲ ಎಂದಿದ್ದರು. ಕಿವಿ ಹೋದದ್ದು ಅಲ್ಲಿಯೇ. ಮೊಲ ಮರಳಿ ಅಂಗಡಿಗೆ ಬಂದ ಮೇಲೆ ನಾಗಸೇನ ವಾರವಾರವೂ ಕೊತ್ತಂಬರಿ ಕಟ್ಟು ಹಿಡಿದು ನೋಡಲು ಹೋಗುತ್ತಿದ್ದ. ಕೊನೆಗೊಂದು ದಿನ, ನಾನೇ ಸಾಕುತ್ತೇನೆ ಎಂದ. ವಿಜಯಶ್ರೀ ಈಗ ಯಾರ ಬಾಯಿಮಾತನ್ನೂ ನಂಬುವುದಿಲ್ಲ. ಮನೆ ನೋಡಿ ಕೊಡುತ್ತಾಳೆ, ಇಲ್ಲವೆ ವಾಪಸು ಒಯ್ಯುತ್ತಾಳೆ.

ನಾಗಸೇನನ ಮನೆಯ ಅಂಗಳದಲ್ಲಿ ನಿಂತೇ ಕೇಳಿದಳು. "ನಾಯಿ ಅದೇನ್ರಿ?"

"ನಾಯಿ-ಗೀಯಿ ಏನಿಲ್ರಿ ಮೇಡಂ" ಎಂದ ನಾಗಸೇನ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನ ತಾಯಿ ಜಿಜಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಏನಂದಿ? ನಾಯಿ ಇಲ್ಲಾ?"

"ಅವ್ವಾ, ನೀ ಒಳಗ ಹೋಗು."

"ಯಾಕ ಹೋಗ್ಲಿ? ಮೇಡಮ್ಮಾ, ನಾ ಈ ಮನಿಗಿ ಸೊಸಿ ಆಗಿ ಬಂದಾಗಿಂದ ಈ ಬಾಗಲಿಗಿ ಬಂದ ನಾಯಿ ಹಸಕೊಂಡ ಹೋಗಿಲ್ರಿ. ಮೊದಲನೇ ರೊಟ್ಟಿ ಅದರದೇ. ಓಣ್ಯಾಗ ಯಾರಿಗಿ ಬೇಕಾದ್ರೂ ಕೇಳ್ರಿ!"

ಕೇಳುವ ಅಗತ್ಯ ಬೀಳಲಿಲ್ಲ. ಕಂದು ಬಣ್ಣದ ನಾಯಿಯೊಂದು ಕೊರಳಲ್ಲಿ ತುಂಡು ಹಗ್ಗ ಎಳೆದುಕೊಂಡು ಓಣಿಯ ತಿರುವಿನಲ್ಲಿ ಕಾಣಿಸಿತು. ರೊಟ್ಟಿಯ ಹೊತ್ತಾಗಿತ್ತು. ಮಧ್ಯಾಹ್ನ ಅದನ್ನು ಗೆಳೆಯ ಉತ್ತಮನ ಹೊಲದಲ್ಲಿ ಕಟ್ಟಿ ಬಂದಿದ್ದ ನಾಗಸೇನ ನೆಲ ನೋಡಿದ.

"ಅದು ನಮ್ಮ ನಾಯಿ ಅಲ್ರಿ. ಓಣಿ ನಾಯಿ."

"ನಿಮ್ಮ ರೊಟ್ಟಿ ತಿಂತದ. ಎಲ್ಲಿ ಮಲಗ್ತದ?"

"ಇಲ್ಲೇ, ನಮ್ಮ ಬಾಗಲ ಮುಂದ" ಎಂದಳು ಜಿಜಾಬಾಯಿ.

"ಮತ್ತ ಯಾರ ನಾಯಿರಿ ಅದು, ಕಂಡಕ್ಟರ್ ಸಾಹೇಬ್ರ? ಟಿಕೆಟ್ ಇಲ್ದವ್ರಿಗಿ ನೀವು ಹಿಂಗೇ ಬಿಡ್ತೀರೇನು?" ವಿಜಯಶ್ರೀ ಪಂಜರ ಎತ್ತಿಕೊಂಡಳು. "ಆರಕ್ಕ ಬಸ್ ಅದ. ನಾ ಬರ್ತೇನಿ."

ತಾನು ಆಡಿದ ಮಾತಿನಿಂದ ಏನಾಯಿತೆಂದು ಜಿಜಾಬಾಯಿಗೆ ಈಗ ಹೊಳೆಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. "ನಿಂದರ್ರಿ. ಅದು ಹೊಸ್ತಿಲ ದಾಟಂಗಿಲ್ಲ."

"ಎಲ್ಲಾರೂ ಹಂಗೇ ಅಂತಾರ್ರಿ ಆಯಿ."

"ಎಲ್ಲಾರ್ದು ನಂಗ ಗೊತ್ತಿಲ್ಲ. ನೀವು ಮೊದಲು ಒಳಗ ಬರ್ರಿ. ಊರವ್ರ ಬಾಗಲ ಹೊರಗ ನಿಂದರೋದು ನಮ್ಮತ್ತಿ ಕಾಲಕ್ಕೇ ಸಾಕಾಗ್ಯಾದ. ಈ ಮನ್ಯಾಗ ಹೊಸ್ತಿಲ ತಡಿಯೋದು ನಾಯಿಗಷ್ಟೇ."

ವಿಜಯಶ್ರೀ ಚಪ್ಪಲಿ ಬಿಟ್ಟು ಒಳಗೆ ಬಂದು ಬುದ್ಧನ ಪಟದ ಕೆಳಗೆ ಕುಳಿತಳು. ಜಿಜಾಬಾಯಿ ಹಂಚಿನ ಮೇಲಿನ ಬಿಸಿ ರೊಟ್ಟಿ ತಂದು ಹೊಸ್ತಿಲಿನಿಂದ ಒಂದು ಗೇಣು ಒಳಗಿಟ್ಟಳು. ಅದರ ಪಕ್ಕದಲ್ಲಿ ಪಂಜರ ಇಡುವಂತೆ ಕೈಸನ್ನೆ ಮಾಡಿದಳು. ವಿಜಯಶ್ರೀ ಅದರ ಚಿಲಕ ನೋಡಿಕೊಂಡು ಇಟ್ಟಳು. ಒಂದು ಕೈ ಪಂಜರದ ಮೇಲೇ ಇತ್ತು. ಮುದುಕಿ ನಾಯಿಯ ಕಡೆ ತಿರುಗಿಯೂ ನೋಡದೆ ಒಲೆಯ ಮುಂದೆ ಹೋಗಿ ಮತ್ತೊಂದು ರೊಟ್ಟಿ ಬಡಿಯತೊಡಗಿದಳು.

ನಾಯಿ ಹೊಸ್ತಿಲವರೆಗೆ ಬಂತು. ರೊಟ್ಟಿ ನೋಡಿತು. ಪಂಜರದಲ್ಲಿ ಮೊಲ ಮುದುರಿದ್ದನ್ನೂ ನೋಡಿತು. ಕುಳಿತುಕೊಂಡಿತು. ಅದರ ಜೊಲ್ಲು ಹೊಸ್ತಿಲ ಕಲ್ಲಿನ ಮೇಲೆ ಬಿತ್ತು, ಮುಂಗಾಲು ಮಾತ್ರ ಹೊರಗೇ ಇತ್ತು. ನಾಗಸೇನ ಕಂಬ ಹಿಡಿದು ನಿಂತಿದ್ದ. ಎರಡನೆಯ ರೊಟ್ಟಿ ಬೆಂದು ಬುಟ್ಟಿಗೆ ಬಿದ್ದ ಮೇಲೆ ಜಿಜಾಬಾಯಿ ಎದ್ದು ಬಂದು ಮೊದಲನೆಯದನ್ನು ಎತ್ತಿ ಹೊರಗೆ ಹಾಕಿದಳು. ಆಗ ನಾಯಿ ಬಾಯಿ ಹಾಕಿತು.

"ಇದಕ್ಕ ಹ್ಯಾಂಗ ಕಲಿಸೀರಿ ಆಯಿ?"

"ಕಲಿಸೋದೇನದ? ಒಂದ ದಿನಾನೂ ರೊಟ್ಟಿ ಒಳಗ ತಿನಸಿಲ್ಲ. ಒಂದ ದಿನಾನೂ ತಪ್ಪಿಸಿಲ್ಲ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಗದ್ದ ತುಸು ಮೇಲೇರಿತ್ತು. ತಾಯಿಯನ್ನು ಅಷ್ಟು ಹೊತ್ತು ನೋಡುತ್ತಿದ್ದ ಮಗ ತಾನೂ ನೆಟ್ಟಗೆ ನಿಂತ.

ವಿಜಯಶ್ರೀ ಚಹಾ ಕುಡಿದಳು. ಮೊಲಕ್ಕೆಂದು ತೆಗೆದಿಟ್ಟ ಕೋಣೆ ನೋಡಿದಳು. ಕಿಟಕಿ ಜಾಳಿಗೆಯನ್ನು ಕೈಯಿಂದ ಜಗ್ಗಿ ನೋಡಿದಳು. ಆಮೇಲೆ ನಾಗಸೇನನಿಗೆ ಹೇಳಿದಳು. "ನೀವು ಸುಳ್ಳ ಹೇಳೀರಿ."

"ಹೌದ್ರಿ. ಖರೇ ಹೇಳಿದ್ರ ಕೊಡಂಗಿಲ್ಲ ಅಂತ ಅಂಜಿದ್ದೆ."

"ಅದಕ್ಕೇ ನಿಮಗ ಕೊಡಲ್ಲ." ಅವನ ಮುಖ ಬಾಡಿತು. ವಿಜಯಶ್ರೀ ಪಂಜರವನ್ನು ಎರಡೂ ಕೈಯಲ್ಲಿ ಹಿಡಿದು ಜಿಜಾಬಾಯಿಯ ಮುಂದಿಟ್ಟಳು. "ಆಯಿಗಿ ಕೊಟ್ಟೇನಿ. ಕೊತ್ತಂಬರಿ ತರೋ ಕೆಲಸ ಮಾತ್ರ ನಿಮ್ದು."

ಅವಳು ಆರರ ಬಸ್ಸಿಗೆ ಬೀದರಿಗೆ ಹೊರಟಳು. ಟಿಕೆಟ್ ಹಣ ಕೊಡಲು ಹೋದ ನಾಗಸೇನನಿಗೆ ಬೈಸಿಕೊಳ್ಳುವುದೊಂದು ಬಾಕಿಯಿತ್ತು, ಅದೂ ಆಯಿತು.

ಮರುದಿನ ಬೆಳಿಗ್ಗೆ ಜಿಜಾಬಾಯಿ ಕಸ ಗುಡಿಸಲು ಬಾಗಿಲು ತೆರೆದಾಗ ಮೊಲ ಅವಳ ಕಾಲ ಸಂದಿಯಿಂದ ನುಸುಳಿ, ಹೊಸ್ತಿಲು ದಾಟಿ ಅಂಗಳಕ್ಕೆ ಜಿಗಿಯಿತು. ನಾಯಿ ಎದ್ದು ದಾರಿ ಬಿಟ್ಟು, ಬೇವಿನ ಮರದ ಬುಡಕ್ಕೆ ಹೋಗಿ ಮಲಗಿತು.